ಬಿಚ್ಚಿದ ಮುಷ್ಟಿ: 'ಸಿಂಡರೆಲ್ಲಾ ಮ್ಯಾನ್' ಚಲನಚಿತ್ರದ ದೈವಶಾಸ್ತ್ರೀಯ ವಿಮರ್ಶೆ

ರಾನ್ ಹೋವರ್ಡ್ ನಿರ್ದೇಶನದ 'ಸಿಂಡರೆಲ್ಲಾ ಮ್ಯಾನ್' 2005ರಲ್ಲಿ ತೆರೆಕಂಡ ಚಲನಚಿತ್ರ. ಅಮೆರಿಕದ ಬಾಕ್ಸಿಂಗ್ ಪಟು ಜೇಮ್ಸ್ ಜೆ. ಬ್ರಾಡಕ್‌ನ ಜೀವನದ ಸುಮಾರು ಏಳು ವರ್ಷಗಳು ಅದರ ವಸ್ತು. ರಸೆಲ್ ಕ್ರೋವ್ ಬ್ರಾಡಕ್‌ನಾಗಿಯೂ ರೆನೇ ಝೆಲ್ವೆಗರ್ ಅವನ ಪತ್ನಿ ಮೇ ಆಗಿಯೂ ಪಾಲ್ ಜಿಯಾಮಟ್ಟಿ ಅವನ ವ್ಯವಸ್ಥಾಪಕ ಜೋ ಗೂಲ್ಡ್ ಆಗಿಯೂ ನಟಿಸಿದ್ದಾರೆ. ಕಷ್ಟಕಾಲದಲ್ಲಿ ಕುಟುಂಬವನ್ನು ಕೈಬಿಡದ ತಂದೆಯ ಕಥೆಯೆಂದು ಇದನ್ನು ಹೊಗಳುವವರು ಬಹಳ. ವಿವಾಹ ಸಿದ್ಧತಾ ಶಿಬಿರಗಳಿಗೂ ಕುಟುಂಬ ಧ್ಯಾನಕೂಟಗಳಿಗೂ ಹೊಂದುವಂಥ ಚಿತ್ರ ಇದು ಎಂದು ಯಾರಿಗಾದರೂ ಅನ್ನಿಸಬಹುದು. ಆ ಮೆಚ್ಚುಗೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಚಿತ್ರ ತೋರಿಸುವ ನಿಷ್ಠೆಯ ಸ್ವರೂಪವೇನು, ಆ ನಿಷ್ಠೆಯನ್ನು ಬೆಳಗಿಸಲು ಚಿತ್ರ ಯಾರಿಂದ ಯಾವ ಬೆಲೆ ತೆಗೆದುಕೊಂಡಿತು ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಅದನ್ನು ವಿಶ್ವಾಸಿಗಳ ಮುಂದಿಡುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಮೊದಲನೆಯ ಪ್ರಶ್ನೆಗೆ ಚಿತ್ರ ಕೊಡುವ ಉತ್ತರ ಅದರ ಅಭಿಮಾನಿಗಳು ತಿಳಿದಿರುವುದಕ್ಕಿಂತ ಆಳವಾದುದು. ಎರಡನೆಯದಕ್ಕೆ ಕೊಡುವ ಉತ್ತರ ನೋವಿನದು.

ಕಥೆ ಮತ್ತು ಕಾಲ

ಬ್ರಾಡಕ್ ಐರಿಷ್ ವಲಸಿಗ ಕುಟುಂಬದಲ್ಲಿ 1905ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ ನ್ಯೂಜೆರ್ಸಿಯಲ್ಲಿ ಬೆಳೆದವನು. 1929ರ ಜುಲೈನಲ್ಲಿ ಲೈಟ್ ಹೆವಿವೇಟ್ ಪ್ರಶಸ್ತಿಗಾಗಿ ಟಾಮಿ ಲಾಫ್ರನ್ ಎದುರು ಸೆಣಸಿ ಸೋತ. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಮುಂದಿನ ವರ್ಷಗಳಲ್ಲಿ ಅವನ ಬಲಗೈ ಮತ್ತೆ ಮತ್ತೆ ಮುರಿಯಿತು, ಸೋಲುಗಳು ಹೆಚ್ಚಿದವು. 1933ರ ಹೊತ್ತಿಗೆ ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ಕಾಲುಭಾಗ ನಿರುದ್ಯೋಗಿಗಳಾಗಿದ್ದರು. ಬ್ರಾಡಕ್ ಬಂದರಿನ ಧಕ್ಕೆಯಲ್ಲಿ ಹಮಾಲಿಯಾದ, ಕೊನೆಗೆ ಸರ್ಕಾರದ ಪರಿಹಾರಧನಕ್ಕೆ ಸಾಲಿನಲ್ಲಿ ನಿಂತ. 1934ರ ಜೂನ್ 14ರಂದು ಕಾರ್ನ್ ಗ್ರಿಫಿನ್ ಎಂಬ ಪ್ರಬಲ ಸ್ಪರ್ಧಿಯನ್ನು ಎಲ್ಲರ ನಿರೀಕ್ಷೆ ಮೀರಿ ಸೋಲಿಸಿದ. ಅಲ್ಲಿಂದ ಒಂದು ವರ್ಷ ತುಂಬಲು ಒಂದು ದಿನವಿರುವಾಗ, 1935ರ ಜೂನ್ 13ರಂದು, ಹದಿನೈದು ಸುತ್ತುಗಳ ಹೋರಾಟದಲ್ಲಿ ಮ್ಯಾಕ್ಸ್ ಬೇರ್‌ನನ್ನು ಸೋಲಿಸಿ ಜಗತ್ತಿನ ಹೆವಿವೇಟ್ ಚಾಂಪಿಯನ್ ಆದ. ಪತ್ರಕರ್ತ ಡೇಮನ್ ರನ್ಯನ್ ಅವನಿಗಿಟ್ಟ ಅಡ್ಡಹೆಸರೇ ಚಿತ್ರದ ಶೀರ್ಷಿಕೆ.

ಈ ಏರಿಳಿತವನ್ನು ಚಿತ್ರ ಅಬ್ಬರವಿಲ್ಲದೆ ಹೇಳುತ್ತದೆ. ಬಡತನವನ್ನು ಅದು ಸಣ್ಣ ಸಣ್ಣ ವಸ್ತುಗಳಲ್ಲಿ ತೋರಿಸುತ್ತದೆ: ನೀರು ಬೆರೆಸಿ ಹೆಚ್ಚಿಸಿದ ಹಾಲು, ಬಿಲ್ಲು ಕಟ್ಟದೆ ಆರಿದ ದೀಪ, ಒಂದೇ ಕೋಣೆಯಲ್ಲಿ ಮಲಗಿದ ಮೂವರು ಮಕ್ಕಳು. ಬೆಳಗಿನ ಊಟದಲ್ಲಿ ಮಗಳಿಗೆ ಇನ್ನೂ ಹಸಿವು. ತಾನು ರಾತ್ರಿ ಕನಸಿನಲ್ಲಿ ಭಾರಿ ಔತಣ ಉಂಡೆನೆಂದೂ ತನಗೆ ಹೊಟ್ಟೆ ತುಂಬಿದೆಯೆಂದೂ ಹೇಳಿ ತಂದೆ ತನ್ನ ತಟ್ಟೆಯ ತುಂಡನ್ನು ಅವಳಿಗೆ ಕೊಟ್ಟು ಕೆಲಸ ಹುಡುಕಲು ಹೊರಡುತ್ತಾನೆ. ನಮ್ಮ ಧರ್ಮಕೇಂದ್ರಗಳಲ್ಲಿ ತಾಯಂದಿರು ಇದೇ ಸುಳ್ಳನ್ನು ಎಷ್ಟೋ ಸಲ ಹೇಳಿದ್ದಾರೆ. ಮಗ ರೊಟ್ಟಿ ಕೇಳಿದರೆ ಕಲ್ಲು ಕೊಡುವ ತಂದೆ ಯಾರೆಂದು ಯೇಸುಸ್ವಾಮಿ ಕೇಳಿದ ಪ್ರಶ್ನೆಗೆ (ಮತ್ತಾಯ 7:9) ಈ ದೃಶ್ಯ ಒಂದು ವ್ಯಾಖ್ಯಾನವಾಗಬಲ್ಲುದು. ಕೊಡುವುದಕ್ಕೆ ರೊಟ್ಟಿಯೇ ಇಲ್ಲದ ತಂದೆಯ ಸಂಕಟವನ್ನು ನಾವು ಆ ವಾಕ್ಯದ ಮೇಲಿನ ಪ್ರಬೋಧನೆಗಳಲ್ಲಿ ವಿರಳವಾಗಿ ಕೇಳುತ್ತೇವೆ.

ಕೊಟ್ಟ ಮಾತು

ಚಿತ್ರದ ನೈತಿಕ ಕೇಂದ್ರ ಮೊದಲ ಅರ್ಧಭಾಗದಲ್ಲಿದೆ. ಹಿರಿಯ ಮಗ ಮಾಂಸದಂಗಡಿಯಿಂದ ಸಲಾಮಿ ಕದ್ದು ತರುತ್ತಾನೆ. ತಂದೆ ಅವನನ್ನು ಕರೆದೊಯ್ದು ಅದನ್ನು ಹಿಂದಕ್ಕೆ ಕೊಡಿಸುತ್ತಾನೆ. ಹಿಂದಿರುಗುವಾಗ ಹುಡುಗನ ಭಯ ಹೊರಬರುತ್ತದೆ: ಅವನ ಗೆಳೆಯನೊಬ್ಬನನ್ನು ಸಾಕಲಾರದೆ ತಂದೆತಾಯಿ ಬಂಧುಗಳ ಮನೆಗೆ ಕಳುಹಿಸಿದ್ದಾರೆ. ತನಗೂ ಹಾಗಾದೀತೆಂಬ ಹೆದರಿಕೆಯೇ ಕಳ್ಳತನದ ಮೂಲ. ತಂದೆ ಮಗನ ಎತ್ತರಕ್ಕೆ ಬಾಗಿ, ನಿಮ್ಮನ್ನು ಎಂದಿಗೂ ಬೇರೆಡೆಗೆ ಕಳುಹಿಸುವುದಿಲ್ಲವೆಂದು ಮಾತು ಕೊಡುತ್ತಾನೆ. ಕಳ್ಳತನವನ್ನು ತಿದ್ದಿದ ಮೇಲೆ ಅದರ ಹಿಂದಿನ ಭಯವನ್ನೂ ಗುರುತಿಸಿ ಉತ್ತರಿಸುವ ಈ ಕ್ರಮದಿಂದ ಪಾಪನಿವೇದನೆ ಕೇಳುವ ಯಾಜಕರು ಕಲಿಯಬೇಕಾದುದಿದೆ.

ಆದರೆ ಮಾತು ನಿಲ್ಲುವುದಿಲ್ಲ. ಚಳಿಗಾಲದಲ್ಲಿ ಮನೆಯ ಬಿಸಿಯೂ ಬೆಳಕೂ ನಿಂತು ಒಬ್ಬ ಮಗ ಜ್ವರದಿಂದ ನಡುಗುವಾಗ, ಗಂಡ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮೇ ಮಕ್ಕಳನ್ನು ಬಂಧುಗಳ ಮನೆಗೆ ಕಳುಹಿಸುತ್ತಾಳೆ. ಗಂಡನ ದೃಷ್ಟಿಯಲ್ಲಿ ಇದು ಕೊಟ್ಟ ಮಾತಿನ ಭಂಗ, ಕುಟುಂಬದ ಸೋಲು. ಹೆಂಡತಿಯ ದೃಷ್ಟಿಯಲ್ಲಿ ಮಕ್ಕಳ ಜೀವ ಯಾವ ಮಾತಿಗಿಂತಲೂ ದೊಡ್ಡದು. ಇಬ್ಬರಲ್ಲಿ ಯಾರೂ ಸ್ವಾರ್ಥಿಗಳಲ್ಲ. ನೈತಿಕ ದೈವಶಾಸ್ತ್ರದ ತರಗತಿಯಲ್ಲಿ ಕರ್ತವ್ಯಗಳ ಸಂಘರ್ಷವನ್ನು ವಿವರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ನಮ್ಮ ತೀರ್ಮಾನ ಮೇಯ ಪರವಾಗಿದೆ. ಮಕ್ಕಳ ಹಿತಕ್ಕಾಗಿ ಕೊಟ್ಟ ಮಾತು ಮಕ್ಕಳ ಪ್ರಾಣಕ್ಕೇ ಎರವಾಗುವಾಗ ಅದರ ಬಂಧನ ಸಡಿಲುತ್ತದೆ. ಆದರೂ ಬ್ರಾಡಕ್‌ನ ಹಟದಲ್ಲಿ ಒಂದು ಸತ್ಯವಿದೆ. ಮಗ ತನ್ನ ಮೇಲೆ ಇಟ್ಟ ನಂಬಿಕೆ ಒಮ್ಮೆ ಒಡೆದರೆ ಅದನ್ನು ಹಣದಿಂದ ಕೂಡಿಸಲಾಗದೆಂಬುದು ಅವನಿಗೆ ಗೊತ್ತು.

ಇದಕ್ಕೆ ಮುಂಚೆಯೇ ಇನ್ನೊಂದು ದೃಶ್ಯ ಬಂದಿರುತ್ತದೆ. ಊಟಕ್ಕೆ ಕುಳಿತಾಗ ಮೇ ಪ್ರಾರ್ಥನೆಗೆ ಕೈ ಚಾಚುತ್ತಾಳೆ. ತನ್ನಲ್ಲಿದ್ದ ಪ್ರಾರ್ಥನೆಯೆಲ್ಲ ಮುಗಿದುಹೋಯಿತೆಂದು ಗಂಡ ಎದ್ದುಬಿಡುತ್ತಾನೆ. ಚಿತ್ರ ಅವನನ್ನು ಗದರಿಸುವುದಿಲ್ಲ, ಪವಾಡದಿಂದ ಬಾಯಿಮುಚ್ಚಿಸುವುದೂ ಇಲ್ಲ. ಪ್ರಲಾಪದ ಕೀರ್ತನೆಗಳನ್ನು ದಿನವೂ ಪಠಿಸುವ ನಾವು ಈ ಮೌನವನ್ನು ಅವಿಶ್ವಾಸವೆಂದು ಕರೆಯಲು ಆತುರಪಡಬಾರದು. ಒಬ್ಬರ ಪ್ರಾರ್ಥನೆ ಬತ್ತಿದಾಗ ಮತ್ತೊಬ್ಬರು ಅವರ ಪಾಲಿನದನ್ನೂ ಸೇರಿಸಿ ಪ್ರಾರ್ಥಿಸುವುದು ವಿವಾಹ ಸಂಸ್ಕಾರದ ವರಪ್ರಸಾದಗಳಲ್ಲಿ ಒಂದು. ಕುಟುಂಬವನ್ನು ಮನೆಯ ಧರ್ಮಸಭೆಯೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಕರೆದುದರ (ಲೂಮೆನ್ ಜೆಂಸಿಯುಂ 11) ಅರ್ಥ ಇಂಥ ರಾತ್ರಿಗಳಲ್ಲಿ ತಿಳಿಯುತ್ತದೆ.

ಟೋಪಿ ಹಿಡಿದ ಕೈ

ಮಕ್ಕಳನ್ನು ಹಿಂದಕ್ಕೆ ತರಲು ಬ್ರಾಡಕ್ ಮೊದಲು ಪರಿಹಾರಧನದ ಕಚೇರಿಗೆ ಹೋಗುತ್ತಾನೆ. ಅಲ್ಲಿ ಸಿಕ್ಕಿದ್ದು ಸಾಲುವುದಿಲ್ಲ. ಆಮೇಲೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಕ್ಸಿಂಗ್ ಉದ್ಯಮದ ದೊಡ್ಡವರು ಸೇರುವ ಕೋಣೆಗೆ ಹೋಗಿ, ತಲೆಯ ಟೋಪಿ ತೆಗೆದು, ಒಂದು ಕಾಲದಲ್ಲಿ ತನ್ನ ಹೊಡೆತಗಳಿಂದ ಲಾಭ ಮಾಡಿಕೊಂಡವರ ಮುಂದೆ ಒಬ್ಬೊಬ್ಬರಲ್ಲಿಯೂ ಬೇಡುತ್ತಾನೆ. ಕೆಲವರು ಕೊಡುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ಕೊನೆಗೆ ಹಳೆಯ ವ್ಯವಸ್ಥಾಪಕ ಗೂಲ್ಡ್ ಕೊರತೆಯನ್ನು ತುಂಬುತ್ತಾನೆ. ಆ ಗೂಲ್ಡ್‌ನ ಮನೆಯೂ ಸಾಮಾನುಗಳೆಲ್ಲ ಮಾರಿಹೋಗಿ ಬರಿದಾಗಿದೆಯೆಂಬುದು ಮುಂದೆ ತಿಳಿಯುತ್ತದೆ.

ನಮ್ಮ ದೃಷ್ಟಿಯಲ್ಲಿ ಚಿತ್ರದ ನಿಜವಾದ ಹೋರಾಟ ಇದೇ. ಇದನ್ನು ಹೇಳಲು ಹೊಸ ಒಡಂಬಡಿಕೆಯ ಭಾಷೆಯೇ ನಮಗೆ ನೆರವಾಗುತ್ತದೆ. ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ, ತಾವು ಗಾಳಿಗೆ ಗುದ್ದುವ ಬಾಕ್ಸರ್ ಅಲ್ಲವೆಂದೂ ತಮ್ಮ ದೇಹವನ್ನೇ ದಂಡಿಸಿ ಹತೋಟಿಗೆ ತರುವುದಾಗಿಯೂ ಹೇಳುತ್ತಾರೆ (1 ಕೊರಿಂಥ 9:26-27). ದಂಡಿಸುವುದೆಂಬಲ್ಲಿರುವ ಗ್ರೀಕ್ ಕ್ರಿಯಾಪದ 'ಹುಪೋಪಿಯಾಜೋ'. ಕಣ್ಣಿನ ಕೆಳಗೆ ಗುದ್ದಿ ಕಪ್ಪಗಾಗಿಸುವುದು ಅದರ ಮೂಲಾರ್ಥ. ಅಖಾಡದಿಂದ ಬಂದ ಈ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ. ಅದು ಲೂಕ 18:5. ಅಲ್ಲಿ ಅನ್ಯಾಯದ ನ್ಯಾಯಾಧೀಶ ಹೆದರುವುದು ಯಾವ ಮಲ್ಲನಿಗೂ ಅಲ್ಲ, ದಿನವೂ ಬಂದು ನ್ಯಾಯ ಬೇಡುವ ಬಡ ವಿಧವೆಗೆ. ಮುಷ್ಟಿಯೇ ಇಲ್ಲದವಳ ಬೇಡಿಕೆಗೆ ಲೂಕರು ಮುಷ್ಟಿಯುದ್ಧದ ಪದವನ್ನು ಬಳಸಿದ್ದಾರೆ. ಅದೇ ಶುಭಸಂದೇಶದ 11ನೆಯ ಅಧ್ಯಾಯದಲ್ಲಿ ನಡುರಾತ್ರಿ ಬಾಗಿಲು ತಟ್ಟಿ ರೊಟ್ಟಿ ಕೇಳುವ ಗೆಳೆಯನ ಸಾಮತಿಯಿದೆ. ಅವನ ಗುಣವನ್ನು ಹೇಳುವ 'ಅನಾಯ್ದೆಯಿಯಾ' ಎಂಬ ಪದವನ್ನು ನಾವು ಸಾಮಾನ್ಯವಾಗಿ 'ಪಟ್ಟುಬಿಡದಿರುವಿಕೆ' ಎಂದು ಮೃದುವಾಗಿ ಅನುವಾದಿಸುತ್ತೇವೆ. ಅದರ ನೇರ ಅರ್ಥ ನಾಚಿಕೆಯಿಲ್ಲದಿರುವಿಕೆ. ಅವನು ನಾಚಿಕೆ ಬಿಟ್ಟದ್ದು ತನಗಾಗಿ ಅಲ್ಲ, ಮನೆಗೆ ಬಂದ ಅತಿಥಿಗಾಗಿ. ಬ್ರಾಡಕ್ ಟೋಪಿ ಹಿಡಿದದ್ದೂ ತನಗಾಗಿ ಅಲ್ಲ.

ಪುರುಷತ್ವವೆಂದರೆ ಯಾರ ಮುಂದೆಯೂ ಕೈಯೊಡ್ಡದಿರುವುದೆಂದು ನಂಬಿ, ಆ ನಂಬಿಕೆಗೆ ಹೆಂಡತಿ ಮಕ್ಕಳನ್ನು ಬಲಿಕೊಟ್ಟ ಗಂಡಸರನ್ನು ಧರ್ಮಕೇಂದ್ರಗಳಲ್ಲಿ ಸೇವೆ ಮಾಡಿದ ಯಾವ ಯಾಜಕರೂ ಕಾಣದಿರಲಾರರು. ಸಾಲ ತೀರದೆ, ಅದನ್ನು ಮನೆಯವರಿಗೂ ಹೇಳದೆ, ಕೊನೆಗೆ ಪ್ರಾಣವನ್ನೇ ತೆಗೆದುಕೊಂಡವರ ಅಂತ್ಯಕ್ರಿಯೆ ನಡೆಸಿದವರೂ ನಮ್ಮಲ್ಲಿದ್ದಾರೆ. ಜಗತ್ತಿನ ಅತ್ಯಂತ ಬಲಿಷ್ಠ ಮುಷ್ಟಿಗಳಲ್ಲೊಂದು ಬಿಚ್ಚಿಕೊಂಡು ಬೇಡಿದ ಈ ದೃಶ್ಯ ಅಂಥವರಿಗೆ ಹೇಳಬೇಕಾದ ಮಾತನ್ನು ಹೇಳುತ್ತದೆ. ಇದೊಂದು ಕಾರಣಕ್ಕಾದರೂ ಚಿತ್ರವನ್ನು ತೋರಿಸಬೇಕು.

ಹಿಂದಿರುಗಿಸಿದ ಹಣ

ಕೈಗೆ ಹಣ ಬಂದ ಮೇಲೆ ಬ್ರಾಡಕ್ ಪರಿಹಾರಧನದ ಕಚೇರಿಗೆ ಹೋಗಿ ಪಡೆದದ್ದನ್ನೆಲ್ಲ ಹಿಂದಿರುಗಿಸುತ್ತಾನೆ. ಇದು ಕಲ್ಪನೆಯಲ್ಲ, ಅವನ ಜೀವನದಲ್ಲಿ ನಡೆದ ಸಂಗತಿ. ಪ್ರಬೋಧನೆಗೆ ಬಹಳ ಆಕರ್ಷಕವಾದ ಉದಾಹರಣೆಯೂ ಹೌದು. ಆದುದರಿಂದಲೇ ಇಲ್ಲಿ ಎಚ್ಚರ ಬೇಕು.

ಬಡವನಿಗೆ ಕೊಡುವುದು ನಮ್ಮದನ್ನಲ್ಲ, ಅವನದನ್ನೇ ಅವನಿಗೆ ಹಿಂದಿರುಗಿಸುತ್ತೇವೆ ಎಂಬುದು ಮಿಲಾನಿನ ಸಂತ ಅಂಬ್ರೋಸರ ಬೋಧನೆ. ಹಸಿದವನು ಪಡೆದ ಅನ್ನ ಸಾಲವಲ್ಲ. ಬ್ರಾಡಕ್ ಹಿಂದಿರುಗಿಸಿದ್ದನ್ನು ಋಣ ತೀರಿಸಿದ್ದೆಂದು ವ್ಯಾಖ್ಯಾನಿಸಿದರೆ, ಹಿಂದಿರುಗಿಸಲಾರದ ಲಕ್ಷಾಂತರ ಜನರು ಋಣಗೇಡಿಗಳಾಗುತ್ತಾರೆ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಿಂದ ಅಕ್ಕಿ ಪಡೆಯುವ ವಿಧವೆ ಈ ಕಥೆಯನ್ನು ಪ್ರಬೋಧನೆಯಲ್ಲಿ ಕೇಳಿ ತಲೆ ತಗ್ಗಿಸಿ ಮನೆಗೆ ಹೋದರೆ, ತಪ್ಪು ಕಥೆಯದಲ್ಲ, ಪ್ರಬೋಧಕರದು. ಬ್ರಾಡಕ್ ಮಾಡಿದ್ದನ್ನು ಕೃತಜ್ಞತೆಯೆಂದು ಓದುವುದು ಸರಿ. ತನ್ನ ನಂತರ ಸಾಲಿನಲ್ಲಿ ನಿಲ್ಲುವವನಿಗೆ ಅದು ತಲುಪಲಿ ಎಂಬ ಕೃತಜ್ಞತೆ ಅದು. ಪರಮಪ್ರಸಾದದ ಮೇಜಿನಲ್ಲಿ ಉಂಡವರು ಹಸಿದವರ ಕಡೆಗೆ ತಿರುಗುವುದೂ ಅದೇ ಕ್ರಮದಿಂದ.

ಈ ಕುಟುಂಬ ಉಳಿದದ್ದು ತನ್ನೊಳಗಿನ ಪ್ರೀತಿಯಿಂದ ಮಾತ್ರವಲ್ಲವೆಂಬುದನ್ನೂ ಗಮನಿಸಬೇಕು. ಸರ್ಕಾರದ ಕಚೇರಿ, ಗೆಳೆಯನ ಜೇಬು, ಧಕ್ಕೆಯ ಜೊತೆಗಾರರು, ಅಕ್ಕಪಕ್ಕದವರು ಎಲ್ಲರೂ ಬೇಕಾದರು. ಜಗದ್ಗುರು ಹನ್ನೊಂದನೆಯ ಪಿಯುಸ್ ಅವರು ಇದೇ ಬಿಕ್ಕಟ್ಟಿನ ನಡುವೆ, 1931ರ ಮೇ 15ರಂದು, 'ಕ್ವಾದ್ರಜೆಸಿಮೊ ಆನ್ನೊ' ವಿಶ್ವಪತ್ರವನ್ನು ಹೊರಡಿಸಿದರು. ಕಾರ್ಮಿಕನ ಕೂಲಿ ಅವನ ಕುಟುಂಬವನ್ನು ಪೋಷಿಸಲು ಸಾಲಬೇಕೆಂದು ಅದರಲ್ಲಿ ಹೇಳಿದರು. ಕುಟುಂಬದಂಥ ಸಣ್ಣ ಸಮುದಾಯಗಳ ಕೆಲಸವನ್ನು ದೊಡ್ಡ ಸಂಸ್ಥೆಗಳು ಕಸಿಯದೆ, ಅವಕ್ಕೆ ನೆರವಾಗಬೇಕೆಂಬ ತತ್ತ್ವವನ್ನೂ ವಿವರಿಸಿದರು. ಕುಟುಂಬ ನಿಷ್ಠೆಯನ್ನು ಬೋಧಿಸಿ ನ್ಯಾಯವಾದ ಕೂಲಿಯ ವಿಷಯದಲ್ಲಿ ಮೌನವಾಗಿರುವುದು ಧರ್ಮಸಭೆಯ ಬೋಧನೆಯ ಅರ್ಧವನ್ನು ಮಾತ್ರ ಹೇಳಿದಂತೆ.

ಚಿತ್ರವೂ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಬ್ರಾಡಕ್‌ನ ಜೊತೆ ಧಕ್ಕೆಯಲ್ಲಿ ದುಡಿಯುವ ಮೈಕ್ ವಿಲ್ಸನ್ ಎಂಬ ಕಲ್ಪಿತ ಪಾತ್ರ ಕಾರ್ಮಿಕರು ಒಗ್ಗೂಡಬೇಕೆಂದು ಹೇಳುತ್ತಾನೆ. ಚಿತ್ರ ಅವನನ್ನು ಕುಡುಕನನ್ನಾಗಿಸಿ, ಹೆಂಡತಿ ಮಗುವಿನಿಂದ ದೂರಮಾಡಿ, ಸೆಂಟ್ರಲ್ ಪಾರ್ಕಿನ ನಿರಾಶ್ರಿತರ ಗುಡಿಸಲುಗಳ ನಡುವೆ ಗಲಭೆಯಲ್ಲಿ ಸಾಯಿಸುತ್ತದೆ. ವ್ಯವಸ್ಥೆಯನ್ನು ಪ್ರಶ್ನಿಸುವವನು ಮನೆ ಕೆಡಿಸುತ್ತಾನೆ, ಪ್ರಶ್ನಿಸದವನು ಮನೆ ಉಳಿಸುತ್ತಾನೆ ಎಂಬ ಸೂಚನೆ ಇಲ್ಲಿ ಬೇಕಿರಲಿ ಬೇಡವಿರಲಿ ಉಳಿದುಬಿಡುತ್ತದೆ. ಕಾರ್ಮಿಕ ಸಂಘಗಳ ಹಕ್ಕನ್ನು 1891ರಿಂದಲೇ ಎತ್ತಿಹಿಡಿದ ಧರ್ಮಸಭೆ ಇದನ್ನು ಒಪ್ಪಲಾಗದು.

ಮ್ಯಾಕ್ಸ್ ಬೇರ್‌ಗೆ ಆದ ಅನ್ಯಾಯ

ಇನ್ನು ಎರಡನೆಯ ಪ್ರಶ್ನೆ. ಕ್ರೇಗ್ ಬಿಯರ್ಕೊ ನಟಿಸಿರುವ ಮ್ಯಾಕ್ಸ್ ಬೇರ್ ಈ ಚಿತ್ರದಲ್ಲಿ ಕ್ರೂರಿ, ಲಂಪಟ. ಅಖಾಡದಲ್ಲಿ ಇಬ್ಬರನ್ನು ಕೊಂದವನೆಂಬ ಖ್ಯಾತಿಯಲ್ಲಿ ಸುಖಪಡುವವನು, ಭೋಜನಶಾಲೆಯಲ್ಲಿ ಎದುರಾಳಿಯ ಹೆಂಡತಿಯನ್ನು ಕೀಳುಮಾತಿನಿಂದ ಕೆಣಕುವವನು. ಬ್ರಾಡಕ್‌ನ ಪ್ರಾಣಕ್ಕೆ ಅಪಾಯವಿದೆಯೆಂದು ನಾವು ನಡುಗಿದಷ್ಟೂ ಅವನ ತ್ಯಾಗ ದೊಡ್ಡದಾಗಿ ಕಾಣುತ್ತದೆ.

ಇತಿಹಾಸ ಹೇಳುವುದು ಬೇರೆ. 1930ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೇರ್‌ನೊಡನೆ ಕಾದಾಡಿದ ಫ್ರಾಂಕಿ ಕ್ಯಾಂಬೆಲ್ ಮರಣ ಹೊಂದಿದ್ದು ನಿಜ. ಆ ಸಾವು ಬೇರ್‌ನನ್ನು ಜೀವನವಿಡೀ ಕಾಡಿತೆಂದೂ ಕ್ಯಾಂಬೆಲ್‌ನ ಕುಟುಂಬಕ್ಕೆ ಅವನು ಹಣದ ನೆರವು ನೀಡಿದನೆಂದೂ ಅವನನ್ನು ಬಲ್ಲವರು ಹೇಳಿದ್ದಾರೆ. ಎರಡನೆಯವನಾದ ಅರ್ನಿ ಶಾಫ್ 1932ರಲ್ಲಿ ಬೇರ್‌ನಿಂದ ತೀವ್ರ ಪೆಟ್ಟು ತಿಂದಿದ್ದ. ಆದರೆ ಅವನು ಸತ್ತದ್ದು 1933ರ ಫೆಬ್ರವರಿಯಲ್ಲಿ, ಪ್ರಿಮೊ ಕಾರ್ನೆರಾನೊಡನೆ ಕಾದಾಡಿದ ಬಳಿಕ. ತಂದೆಯ ಕಡೆಯಿಂದ ಯೆಹೂದ್ಯ ಮೂಲವಿದ್ದ ಬೇರ್ 1933ರ ಜೂನ್‌ನಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, ದಾವೀದನ ನಕ್ಷತ್ರವನ್ನು ಧರಿಸಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನನ್ನು ನ್ಯೂಯಾರ್ಕಿನಲ್ಲಿ ಸೋಲಿಸಿದ್ದ. ಆ ನಕ್ಷತ್ರದ ಕಥೆಯನ್ನು ಚಿತ್ರ ಹೇಳುವುದಿಲ್ಲ. ತಂದೆಯನ್ನು ಹೀಗೆ ಚಿತ್ರಿಸಿದ್ದರ ವಿರುದ್ಧ ಬೇರ್‌ನ ಮಗ, ನಟ ಮ್ಯಾಕ್ಸ್ ಬೇರ್ ಜೂನಿಯರ್, ಬಹಿರಂಗವಾಗಿ ಪ್ರತಿಭಟಿಸಿದರು.

ಕಥೆಗೊಬ್ಬ ಖಳನಾಯಕ ಬೇಕು, ಇದರಲ್ಲಿ ಅಂಥ ದೋಷವೇನೆಂದು ಕೆಲವರು ಕೇಳಬಹುದು. ಕಲ್ಪಿತ ಹೆಸರಿನ ಖಳನಾಗಿದ್ದರೆ ನಮ್ಮ ಆಕ್ಷೇಪವಿರುತ್ತಿರಲಿಲ್ಲ. ಆದರೆ ಇದು ನಿಜವಾಗಿ ಬದುಕಿ 1959ರಲ್ಲಿ ತೀರಿಕೊಂಡ, ಉತ್ತರಿಸಲಾರದ ಒಬ್ಬ ಮನುಷ್ಯನ ಹೆಸರು. ಎಂಟನೆಯ ಕಟ್ಟಳೆಯನ್ನು ವಿವರಿಸುತ್ತ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ, ಸತ್ಯಕ್ಕೆ ವಿರುದ್ಧವಾದ ಮಾತುಗಳಿಂದ ಇತರರ ಮಾನಕ್ಕೆ ಕುಂದು ತರುವುದನ್ನು ಅಪನಿಂದೆಯೆಂದು ಕರೆಯುತ್ತದೆ (2477), ಹಾಗೆ ಕೆಡಿಸಿದ ಹೆಸರಿಗೆ ಪರಿಹಾರ ಮಾಡುವ ಹೊಣೆಯನ್ನೂ ಹೊರಿಸುತ್ತದೆ (2487). ಈ ಹೊಣೆ ಸತ್ತವರ ವಿಷಯದಲ್ಲಿ ಕಡಿಮೆಯಾಗುವುದಿಲ್ಲ. ಕಥೋಲಿಕ ಐರಿಷ್ ಮನೆತನದ ನಾಯಕನ ಎದುರು ದಾವೀದನ ನಕ್ಷತ್ರ ಧರಿಸಿದವನನ್ನು ರಾಕ್ಷಸನಂತೆ ನಿಲ್ಲಿಸುವಾಗ, ಯೆಹೂದ್ಯರ ಬಗೆಗಿನ ನಮ್ಮ ಇತಿಹಾಸವನ್ನೂ 1965ರ 'ನೊಸ್ತ್ರಾ ಎತಾತೆ' ಘೋಷಣೆಯನ್ನೂ ಬಲ್ಲ ಯಾಜಕರು ಸುಮ್ಮನಿರಬಾರದು. ನಿರ್ದೇಶಕರ ಉದ್ದೇಶ ಅದಾಗಿತ್ತೆಂದು ನಾವು ಹೇಳುತ್ತಿಲ್ಲ. ಪರಿಣಾಮದ ಮಾತನ್ನು ಆಡುತ್ತಿದ್ದೇವೆ.

ಅಂತಿಮ ಪಂದ್ಯದ ರಾತ್ರಿ ಮೇ ದೇವಾಲಯಕ್ಕೆ ಹೋಗುತ್ತಾಳೆ. ಒಬ್ಬಳೇ ಪ್ರಾರ್ಥಿಸಬೇಕೆಂದು ಹೋದವಳಿಗೆ ದೇವಾಲಯ ಜನರಿಂದ ತುಂಬಿರುವುದು ಕಾಣುತ್ತದೆ. ಬ್ರಾಡಕ್ ತಮ್ಮೆಲ್ಲರ ಪರವಾಗಿ ಹೋರಾಡುತ್ತಿದ್ದಾನೆಂದು ಇವರು ಭಾವಿಸಿದ್ದಾರೆಂದು ಗುರುಗಳು ವಿವರಿಸುತ್ತಾರೆ. ಒಬ್ಬನು ಅನೇಕರ ಸ್ಥಾನದಲ್ಲಿ ನಿಂತು ನೋವುಣ್ಣುವುದು ನಮಗೆ ಹತ್ತಿರದ ಸತ್ಯ, ದೃಶ್ಯ ನಮ್ಮನ್ನು ಕಲಕುತ್ತದೆ. ಆದರೆ ಆ ದೇವಾಲಯದಲ್ಲಿ ಮ್ಯಾಕ್ಸ್ ಬೇರ್‌ಗಾಗಿ ಪ್ರಾರ್ಥಿಸುವ ಒಬ್ಬರನ್ನೂ ಚಿತ್ರ ತೋರಿಸುವುದಿಲ್ಲ. ನಮಗಾಗಿ ನಿಂತವರು ಶತ್ರುಗಳಿಗಾಗಿಯೂ ಪ್ರಾರ್ಥಿಸಿದರು. ಆ ಪ್ರಾರ್ಥನೆಯಿಲ್ಲದ ಪ್ರತಿನಿಧಿ ನಮ್ಮವರ ಪ್ರತಿನಿಧಿ ಮಾತ್ರ. ಕುಟುಂಬದ ಮೇಲಿನ ಪ್ರೀತಿ ತನಗೆ ತಾನೇ ಶುಭಸಂದೇಶವಾಗುವುದಿಲ್ಲ. ತನ್ನವರನ್ನು ಪ್ರೀತಿಸುವುದು ಸುಂಕದವರಿಗೂ ತಿಳಿದಿದೆಯೆಂದು ಹೇಳಿದವರು ಯೇಸುಸ್ವಾಮಿಯೇ (ಮತ್ತಾಯ 5:46).

ಬಾಕ್ಸಿಂಗ್ ಎಂಬ ವೃತ್ತಿಯ ಪ್ರಶ್ನೆಯೂ ಇದರೊಂದಿಗೆ ಸೇರಿದೆ. ಚಿತ್ರ ತೆರೆಕಂಡ 2005ರಲ್ಲಿಯೇ ರೋಮಿನ ಯೇಸುಸಭೆಯವರ 'ಲಾ ಚಿವಿಲ್ತಾ ಕತ್ತೋಲಿಕಾ' ಪತ್ರಿಕೆ ವೃತ್ತಿಪರ ಬಾಕ್ಸಿಂಗನ್ನು ನೈತಿಕವಾಗಿ ಖಂಡಿಸಿತ್ತು. ಎದುರಾಳಿಯ ತಲೆಗೆ ಪೆಟ್ಟು ಕೊಡುವುದೇ ಜಯದ ಮಾರ್ಗವಾಗಿರುವ ಆಟದಲ್ಲಿ ಕ್ಯಾಂಬೆಲ್‌ನ ಸಾವಿನ ಹೊಣೆ ಬೇರ್ ಒಬ್ಬನದಲ್ಲ. ಟಿಕೆಟ್ಟು ಮಾರಿದವರದೂ ಕೊಂಡವರದೂ ಹೌದು. ಆ ಹಂಚಿಕೊಂಡ ಹೊಣೆಯನ್ನು ಚಿತ್ರ ಒಬ್ಬನ ದುಷ್ಟತನವಾಗಿ ಮಾರ್ಪಡಿಸಿ ಪ್ರೇಕ್ಷಕರನ್ನು ನಿರಾಳಗೊಳಿಸುತ್ತದೆ. ಉಳಿದವರೆಲ್ಲರ ಪಾಪವನ್ನು ಒಬ್ಬನ ಮೇಲೆ ಹೊರಿಸಿ ಹೊರಗಟ್ಟುವ ಈ ವಿಧಾನ ಯಾಜಕಕಾಂಡವನ್ನು ಓದಿದವರಿಗೆ ಅಪರಿಚಿತವಲ್ಲ.

ಬಳಕೆಯ ಕುರಿತು

ಚಿತ್ರವನ್ನು ಬದಿಗಿಡಬೇಕೆಂಬುದು ನಮ್ಮ ಸಲಹೆಯಲ್ಲ. ದಂಪತಿಗಳ ನಡುವಿನ ಗೌರವ, ಮಕ್ಕಳ ಭಯವನ್ನು ಕೇಳಿಸಿಕೊಳ್ಳುವ ತಂದೆ, ಗಂಡನ ಮಾತನ್ನು ಮೀರಿ ಮಕ್ಕಳ ಜೀವ ಕಾಯುವ ತಾಯಿ, ತನ್ನ ಬಡತನವನ್ನು ಮುಚ್ಚಿಟ್ಟು ನೆರವಾಗುವ ಗೆಳೆಯ ಇವುಗಳನ್ನು ಇಷ್ಟು ಸಂಯಮದಿಂದ ತೋರಿಸಿದ ಚಿತ್ರಗಳು ವಿರಳ. ಗುರುಮಠದ ವಿದ್ಯಾರ್ಥಿಗಳು ಇದನ್ನು ಧರ್ಮಕೇಂದ್ರಗಳಲ್ಲಿ ತೋರಿಸುವಾಗ ಟೋಪಿಯ ದೃಶ್ಯದ ಬಳಿಕ ಚಿತ್ರವನ್ನು ನಿಲ್ಲಿಸಿ, ನಮ್ಮಲ್ಲಿ ಯಾರು ಯಾರ ಬಳಿ ಕೈಯೊಡ್ಡಲು ನಾಚಿ ನರಳುತ್ತಿದ್ದಾರೆಂದು ಚರ್ಚಿಸಲಿ. ಲೂಕ 11 ಮತ್ತು 18ನೆಯ ಅಧ್ಯಾಯಗಳನ್ನು ಅಲ್ಲಿ ಓದಲಿ. ಹಣ ಹಿಂದಿರುಗಿಸುವ ದೃಶ್ಯದಲ್ಲಿ, ಹಿಂದಿರುಗಿಸಲಾರದವರೂ ಸಭೆಯಲ್ಲಿ ಕುಳಿತಿದ್ದಾರೆಂಬುದನ್ನು ನೆನಪಿಡಲಿ.

ಚಿತ್ರ ಮುಗಿದ ಮೇಲೆ, ದೀಪ ಹಾಕಿ ಎಲ್ಲರೂ ಏಳುವ ಮೊದಲು, ಮ್ಯಾಕ್ಸ್ ಬೇರ್ ನಿಜವಾಗಿ ಎಂಥವನೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಲಿ. ಅವನ ಹೆಸರಿಗೆ ನಾವು ಮಾಡಬಹುದಾದ ಪರಿಹಾರ ಸಣ್ಣದು. ಅಷ್ಟನ್ನಾದರೂ ಮಾಡುವುದು ಸತ್ಯಕ್ಕೆ ನಾವು ಸಲ್ಲಿಸಬೇಕಾದ ಋಣ.